ಅಮ್ಮನ ಮೂಗಿಗೆ ರೀಸೆಟ್ ಬಟನ್ ಇದೆಯೇ?

ವಿಡಿಯೊ ಕಾಲ್‌ನಲ್ಲಿ ಎಲ್ಲವೂ ಕಾಣುತ್ತದೆ, ಎಲ್ಲವೂ ಕೇಳಿಸುತ್ತದೆ. ವಾಸನೆ ಮಾತ್ರ ಬರುವುದಿಲ್ಲ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಎಂಜಿನಿಯರಿಂಗ್ ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ. ಬೆಂಗಳೂರಿನ ಹಾಸ್ಟೆಲ್ ಮೆಸ್‌ನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಅರಸೀಕೆರೆಯಿಂದ ಅಮ್ಮನ ಕಾಲ್ ಬಂತು. ಎತ್ತಿದರೆ ಪರದೆ ತುಂಬಾ ಬಾಣಲೆ.

‘ಮಗಾ, ಧನಿಯಾ ಹುರೀತಿದೀನಿ. ಬಣ್ಣ ನೋಡಿ ಹೇಳೋ, ಸಾಕಾ, ಇನ್ನೂ ಬೇಕಾ?’

‘ಬಣ್ಣದಲ್ಲಿ ಹೇಗಮ್ಮಾ ಹೇಳೋದು? ಘಮ ಬಂತಾ?’ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ‘ಇರ್ಲಿ ಬಿಡು, ಪಕ್ಕದ ಮನೆ ಹುಡುಗೀನ ಕರೀತೀನಿ’ ಎಂದು ಅಮ್ಮ ಫೋನ್ ಇಟ್ಟಳು.

ನನ್ನ ಅಮ್ಮ ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನನ್ನ ಕಾಲೇಜು ಫೀಸಿನಲ್ಲಿ ಕೊಬ್ಬರಿಯ ಪಾಲೆಷ್ಟು, ಸಾರಿನ ಪುಡಿಯ ಪಾಲೆಷ್ಟು ಎಂಬುದು ನನಗೆ ಚೆನ್ನಾಗಿಯೇ ಗೊತ್ತು. ಪುಡಿ ಮಾಡುವವರಿಗೆ ಮಿಕ್ಸಿ, ತಕ್ಕಡಿಗಿಂತ ಮುಖ್ಯವಾದದ್ದು ಮೂಗು. ಮೆಂತ್ಯ ಒಂದು ನಿಮಿಷ ಹೆಚ್ಚು ಹುರಿದರೆ ಇಡೀ ಪುಡಿ ಕಹಿ. ಜೀರಿಗೆ ಹದಕ್ಕೆ ಬಂದಿದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗಬೇಕು. ಆ ಮೂಗನ್ನೇ ಕೊರೊನಾ ಕೆಡಿಸಿತು.

2021ರ ಮೇ ತಿಂಗಳು. ಎರಡನೇ ಅಲೆ. ಮನೆಯ ಮೂವರಿಗೂ ಜ್ವರ. ನಾನಾಗ ಎಸ್ಸೆಸ್ಸೆಲ್ಸಿ. ಮುಂದೆ ಹೋಗುತ್ತಲೇ ಇದ್ದ ಪರೀಕ್ಷೆ ಕೊನೆಗೆ ಜುಲೈನಲ್ಲಿ ಎರಡೇ ದಿನದಲ್ಲಿ, ಸರಿಯುತ್ತರಕ್ಕೆ ಗುರುತು ಹಾಕುವ ರೂಪದಲ್ಲಿ ಮುಗಿದಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಷ್ಟರಲ್ಲಿ ನನಗೂ ಅಪ್ಪನಿಗೂ ವಾಸನೆ ಮರಳಿತ್ತು. ಅಮ್ಮನಿಗೆ ಇರಲಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಅವಳಿಗೂ ಬಂತು, ಆದರೆ ತಲೆಕೆಳಗಾಗಿ ಬಂತು. ಕಾಫಿಯಲ್ಲಿ ಸುಟ್ಟ ಟೈರಿನ ವಾಸನೆ. ಈರುಳ್ಳಿ ಬಾಣಲೆಗೆ ಬಿದ್ದರೆ ಚರಂಡಿ ವಾಸನೆ. ಹಬ್ಬದ ದಿನ ಕಡುಬು ಮಾಡಿ, ಒಂದನ್ನೂ ಬಾಯಿಗಿಡದೆ ಮೊಸರನ್ನ ತಿಂದು ಮಲಗಿದಳು.

ಇದಕ್ಕೆ ಪರೋಸ್ಮಿಯಾ ಎಂಬ ಹೆಸರಿದೆ ಅಂತ ತಿಳಿದಿದ್ದು ಎಷ್ಟೋ ದಿನಗಳ ನಂತರ. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳಿಗೆ ಆಸರೆಯಾಗಿ ನಿಂತ ಬೇರೆ ಕೋಶಗಳೂ ಇವೆ. ಕೊರೊನಾ ವೈರಸ್ ಮುಖ್ಯವಾಗಿ ನುಗ್ಗುವುದು ಈ ಆಸರೆಯ ಕೋಶಗಳೊಳಗೆ. ಗೋಡೆ ಬಿದ್ದರೆ ಅದರ ಮೇಲಿದ್ದ ವೈರಿಂಗ್ ಕೂಡ ಹಾಳಾಗುವುದಿಲ್ಲವೇ? ಹಾಗೆಯೇ ಇದು. ವಾಸನೆಯ ನರಕೋಶಗಳು ಮತ್ತೆ ಬೆಳೆಯುತ್ತವೆ. ಬೆಳೆಯುವಾಗ ಕೆಲವು ಸಂಪರ್ಕಗಳು ಸರಿಯಾಗಿ ಕೂರದಿದ್ದರೆ ಮಿದುಳಿಗೆ ತಪ್ಪು ಸುದ್ದಿ ಹೋಗುತ್ತದೆ ಎಂಬುದು ತಜ್ಞರ ಒಂದು ವಿವರಣೆ. ಬಹಳ ಜನರಿಗೆ ತಿಂಗಳುಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಕೆಲವರಿಗೆ ಹೋಗುವುದಿಲ್ಲ. ಕೋವಿಡ್ ಬಂದು ಮೂರು ತಿಂಗಳಾದ ಮೇಲೂ ಸುಸ್ತು, ಮರೆವು, ಉಸಿರಾಟದ ತೊಂದರೆ, ವಾಸನೆಯ ತೊಂದರೆ ಬಿಡದೆ ಕಾಡುವುದನ್ನು ಒಟ್ಟಾಗಿ ‘ಲಾಂಗ್ ಕೋವಿಡ್’ ಎನ್ನುತ್ತಾರೆ. ಅಮ್ಮ ಆ ಗುಂಪಿಗೆ ಸೇರಿದಳು.

ಪಿಯುಸಿ ಮುಗಿಯುವವರೆಗೆ ಅಮ್ಮನ ಮೂಗು ನಾನೇ. ಕೆಮಿಸ್ಟ್ರಿ ಓದುತ್ತಾ ಕೂತವನನ್ನು ‘ಬಾರೋ, ಮೂಸಿ ನೋಡು’ ಎಂದು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಳು. ಬೈದುಕೊಂಡೇ ಹೋಗುತ್ತಿದ್ದೆ. ಬೆಂಗಳೂರಿಗೆ ಬಂದ ಮೇಲೆ ಆ ಕೆಲಸ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಗೆ ಹೋಯಿತು. ಅವಳು ಶಾಲೆಗೆ ಹೋದಾಗ ಯಾರೂ ಇಲ್ಲ. ಎರಡನೇ ಸೆಮಿಸ್ಟರ್‌ನಲ್ಲಿ ಒಂದು ದಿನ ಅಪ್ಪ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಬಾಗಿಲಲ್ಲೇ ಗ್ಯಾಸ್ ವಾಸನೆ. ಸ್ಟೌವ್‌ನ ನಾಬ್ ಅರ್ಧ ತಿರುಗಿತ್ತು. ಅಮ್ಮ ಅಡುಗೆಮನೆಯಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅಡುಗೆ ಅನಿಲ ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತು ಬೆರೆಸಿರುತ್ತಾರೆ. ಆ ಎಚ್ಚರಿಕೆ ಅಮ್ಮನನ್ನು ತಲುಪಲೇ ಇಲ್ಲ.

ಇಷ್ಟು ಹೇಳಿದ್ದು ಏಕೆಂದರೆ, ಐದನೇ ಸೆಮಿಸ್ಟರ್‌ನಲ್ಲಿ ನಾನು ನೋಡಿದ ಒಂದು ವಿಡಿಯೊ ನನ್ನನ್ನು ಯಾಕೆ ಅಷ್ಟು ಹಿಡಿದುಕೊಂಡಿತು ಎಂಬುದು ನಿಮಗೆ ತಿಳಿಯಬೇಕು. ಅಮೆರಿಕದ ಒಬ್ಬ ಮಹಿಳೆ. ಕತ್ತಿಗೆ ಒಂದು ಇಂಜೆಕ್ಷನ್. ಸ್ವಲ್ಪ ಹೊತ್ತಿನ ನಂತರ ಆಕೆ ಕಾಫಿ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಅಳುತ್ತಾರೆ. ಕೆಳಗೆ ‘ನರವ್ಯೂಹಕ್ಕೆ ರೀಸೆಟ್’ ಎಂಬ ಬರಹ. ರಾತ್ರಿ ಒಂದು ಗಂಟೆಗೆ ರೂಮ್‌ಮೇಟ್‌ನನ್ನು ಎಬ್ಬಿಸಿ ತೋರಿಸಿದೆ. ‘ಸಿಸ್ಟಂ ಹ್ಯಾಂಗ್ ಆದ್ರೆ ರೀಸ್ಟಾರ್ಟ್ ಮಾಡ್ತೀವಲ್ಲ, ಅದೇ ಕಣೋ’ ಎಂದು ಅವನು ಮತ್ತೆ ಮುಸುಕೆಳೆದ. ನನಗೂ ಅದೇ ಅನ್ನಿಸಿತ್ತು.

ಈ ಚಿಕಿತ್ಸೆಯ ಹೆಸರು ಸ್ಟೆಲೇಟ್ ಗ್ಯಾಂಗ್ಲಿಯಾನ್ ಬ್ಲಾಕ್. ಕತ್ತಿನ ಬುಡದಲ್ಲಿ, ಬೆನ್ನುಮೂಳೆಯ ಮುಂದೆ, ಎಡಕ್ಕೊಂದು ಬಲಕ್ಕೊಂದು ನರಗಂಟು ಇದೆ. ನೋಡಲು ನಕ್ಷತ್ರದ ಹಾಗಿರುವುದರಿಂದ ಆ ಹೆಸರು. ಹೆದರಿದಾಗ ಎದೆ ಹೊಡೆದುಕೊಳ್ಳುವುದು, ಬೆವರುವುದು, ರಕ್ತನಾಳ ಬಿಗಿಯಾಗುವುದು ಇವನ್ನೆಲ್ಲ ನಡೆಸುವ ‘ಸಿಂಪಥೆಟಿಕ್’ ನರಗಳಲ್ಲಿ ತಲೆ, ಕತ್ತು, ಕೈಗಳಿಗೆ ಹೋಗುವವಕ್ಕೆ ಇದೊಂದು ಜಂಕ್ಷನ್. ನಮ್ಮ ಅರಸೀಕೆರೆ ರೈಲಿಗೆ ಜಂಕ್ಷನ್ ಇದ್ದ ಹಾಗೆ. ವೈದ್ಯರು ಅಲ್ಟ್ರಾಸೌಂಡ್ ಅಥವಾ ಸ್ಕ್ಯಾನ್ ನೋಡುತ್ತಾ, ತೆಳ್ಳನೆಯ ಸೂಜಿಯಿಂದ ಈ ಗಂಟಿನ ಪಕ್ಕ ಮರಗಟ್ಟಿಸುವ ಔಷಧ ಬಿಡುತ್ತಾರೆ. ಸರಿಯಾದ ಜಾಗಕ್ಕೆ ಬಿದ್ದರೆ ಆ ಕಡೆಯ ಕಣ್ಣಿನ ರೆಪ್ಪೆ ಸ್ವಲ್ಪ ಜೋತು ಬೀಳುತ್ತದೆ, ಪಾಪೆ ಚಿಕ್ಕದಾಗುತ್ತದೆ. ಇದಕ್ಕೆ ಹಾರ್ನರ್ ಸಿಂಡ್ರೋಮ್ ಎನ್ನುತ್ತಾರೆ. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ.

ಇಂಜೆಕ್ಷನ್ ಹೊಸದಲ್ಲ. ಕೈಯ ವಿಪರೀತ ನೋವಿನಂಥ ತೊಂದರೆಗಳಿಗೆ ದಶಕಗಳಿಂದ ಕೊಡುತ್ತಿದ್ದಾರೆ. ಲಾಂಗ್ ಕೋವಿಡ್‌ಗೆ ಬಳಸಿದ್ದು ಹೊಸದು. ಅಲಾಸ್ಕಾದ ಲ್ಯೂಕ್ ಲಿಯು ಮತ್ತು ಡೆಬೊರಾ ಡ್ಯುರಿಕಾ ಇದನ್ನು ಪಡೆದು ಚೇತರಿಸಿಕೊಂಡ ರೋಗಿಗಳ ಬಗ್ಗೆ 2022ರಲ್ಲಿ ‘ಜರ್ನಲ್ ಆಫ್ ನ್ಯೂರೋಇಮ್ಯುನಾಲಜಿ’ಯಲ್ಲಿ ಬರೆದರು. ಅಲ್ಲಿಂದ ಸುದ್ದಿ ಹಬ್ಬಿತು.

ನನಗೆ ಕುತೂಹಲ ಹುಟ್ಟಿಸಿದ ಪ್ರಶ್ನೆ ಒಂದಿತ್ತು. ಔಷಧದ ಪರಿಣಾಮ ಕೆಲವೇ ಗಂಟೆ. ಉಪಶಮನ ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತದಂತೆ. ಅದು ಹೇಗೆ? ಎಲೆಕ್ಟ್ರಾನಿಕ್ಸ್ ಓದುವವರಿಗೆ ಉತ್ತರ ಬಾಯಲ್ಲೇ ಇದೆ: ಎಸ್‌ಆರ್ ಲ್ಯಾಚ್. ರೀಸೆಟ್ ಪಿನ್ನಿಗೆ ಒಂದು ಚಿಕ್ಕ ಪಲ್ಸ್ ಕೊಟ್ಟರೆ ಸಾಕು. ಪಲ್ಸ್ ಹೋದ ಮೇಲೂ ಔಟ್‌ಪುಟ್ ಹೊಸ ಸ್ಥಿತಿಯಲ್ಲೇ ನಿಲ್ಲುತ್ತದೆ. ಕೊರೊನಾ ನಂತರ ಸಿಂಪಥೆಟಿಕ್ ನರಗಳು ಅತಿಯಾಗಿ ಕೆಲಸ ಮಾಡುವ ಸ್ಥಿತಿಯಲ್ಲೇ ಸಿಕ್ಕಿಬಿದ್ದಿರಬಹುದು, ಒಮ್ಮೆ ತಡೆದರೆ ಬಿಡಿಸಿಕೊಳ್ಳಬಹುದು ಎಂದು ಈ ಚಿಕಿತ್ಸೆಯ ಪರ ಇರುವ ವೈದ್ಯರೂ ಊಹಿಸುತ್ತಾರೆ. ನೋಟ್‌ಬುಕ್‌ನಲ್ಲಿ ಲ್ಯಾಚ್ ಬರೆದು, ಕೆಳಗೆ ‘ಅಮ್ಮ’ ಎಂದು ಬರೆದು ಗೆರೆ ಎಳೆದೆ. ಎಲ್ಲ ಅರ್ಥವಾದ ಹಾಗೆ ಅನ್ನಿಸಿತು.

ಮಾರನೆಯ ದಿನ ಒಂದು ಖಾಸಗಿ ಕ್ಲಿನಿಕ್‌ಗೆ ಫೋನ್ ಮಾಡಿದೆ. ಎತ್ತಿದವರು ಅಮ್ಮನ ವಯಸ್ಸು ಕೇಳಲಿಲ್ಲ, ಬಿಪಿ, ಶುಗರ್ ಕೇಳಲಿಲ್ಲ. ‘ಎರಡು ಇಂಜೆಕ್ಷನ್ ಪ್ಯಾಕೇಜ್ ಇದೆ. ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್. ರಿಸಲ್ಟ್ ಬಗ್ಗೆ ಯೋಚ್ನೆನೇ ಬೇಡ’ ಅಂದರು. ಹೇಳಿದ ಮೊತ್ತ ನನ್ನ ಒಂದು ಸೆಮಿಸ್ಟರ್‌ನ ಹಾಸ್ಟೆಲ್ ಖರ್ಚಿಗೆ ಸಮ. ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ನಾನು ಒಪ್ಪಿದ್ದೆ. ಲ್ಯಾಪ್‌ಟಾಪ್‌ಗೆಂದು ಕೂಡಿಟ್ಟ ದುಡ್ಡಿತ್ತು. ಆದರೆ ಬುಕ್ ಮಾಡುವ ಮೊದಲು ಅಪ್ಪನಿಗೆ ಹೇಳಬೇಕಿತ್ತು. ಅಪ್ಪ ಲೆಕ್ಕದವರು, ‘ಎಷ್ಟು ಜನಕ್ಕೆ ಕೊಟ್ರು, ಎಷ್ಟು ಜನಕ್ಕೆ ವಾಸಿಯಾಯ್ತು?’ ಎಂದೇ ಕೇಳುತ್ತಾರೆ. ಹಾಗಾಗಿ ಹುಡುಕಲು ಕೂತೆ.

ಸಿಕ್ಕಿದ್ದರಲ್ಲಿ ಅಮ್ಮನ ತೊಂದರೆಗೆ ಹತ್ತಿರವಾದದ್ದು ಫಿಲಡೆಲ್ಫಿಯಾದ ಜೆಫರ್ಸನ್ ಹೆಲ್ತ್‌ನ ರೇಡಿಯಾಲಜಿ ವೈದ್ಯ ಆ್ಯಡಂ ಜೋಗಾ ಅವರ ತಂಡ 2023ರ ನವೆಂಬರ್‌ನಲ್ಲಿ ಷಿಕಾಗೊದ ಸಮ್ಮೇಳನದಲ್ಲಿ ಮಂಡಿಸಿದ ಅಧ್ಯಯನ. ಕೋವಿಡ್ ನಂತರ ಕನಿಷ್ಠ ಆರು ತಿಂಗಳಿಂದ ಪರೋಸ್ಮಿಯಾ ಇದ್ದ, ಬೇರೆ ಔಷಧಗಳಿಂದ ಗುಣವಾಗದ 54 ಜನರಿಗೆ ಸಿಟಿ ಸ್ಕ್ಯಾನ್ ನೋಡಿಕೊಂಡು ಈ ಇಂಜೆಕ್ಷನ್ ಕೊಟ್ಟರು. ನಂತರ ವಿವರ ಸಿಕ್ಕಿದ್ದು 37 ಜನರಿಂದ. ಅವರಲ್ಲಿ 22 ಜನ ಒಂದು ವಾರದಲ್ಲಿ ಉತ್ತಮವಾಗಿದೆ ಎಂದರು. ಮೂರು ತಿಂಗಳ ನಂತರ ಆ 22 ಜನರಲ್ಲಿ ಸರಾಸರಿ 49 ಶೇಕಡದಷ್ಟು ಸುಧಾರಣೆ. ಕೆಲವರಿಗೆ ಪೂರ್ತಿ, ಕೆಲವರಿಗೆ ಸೊನ್ನೆ. ಯಾರಿಗೂ ಅಪಾಯ ಆಗಲಿಲ್ಲ ಎಂದು ತಂಡ ಹೇಳಿತು.

ನಾನು ಕ್ಯಾಲ್ಕುಲೇಟರ್ ತೆಗೆದೆ. 37ಕ್ಕೆ 22 ಅಂದರೆ ನೂರಕ್ಕೆ 59. ಸುದ್ದಿಗಳಲ್ಲಿ ಬಂದಿದ್ದು ಇದೇ. ಇಂಜೆಕ್ಷನ್ ಪಡೆದ 54 ಜನರನ್ನೂ ಲೆಕ್ಕಕ್ಕೆ ಹಿಡಿದರೆ ನೂರಕ್ಕೆ 41. ಉತ್ತರ ಕೊಡದ ಉಳಿದವರಿಗೆ ಏನಾಯಿತು? ಗುಣವಾಗಿ ಮರೆತರೋ, ಗುಣವಾಗದೆ ಬೇಸತ್ತರೋ? ಎರಡೂ ಆಗಿರಬಹುದು. ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿತ್ತು. ಅದು ನನಗೆ ಹೊಳೆಯಲಿಲ್ಲ. ಅಮ್ಮನಿಗೆ ಹೊಳೆಯಿತು.

ಕ್ಲಿನಿಕ್ಕಿನ ಪ್ಯಾಕೇಜ್ ಬದಿಗಿಟ್ಟು, ಮನೆಗೆ ಗೊತ್ತಿದ್ದವರೊಬ್ಬರ ಮೂಲಕ ಬೆಂಗಳೂರಿನ ಒಂದು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗಕ್ಕೆ ಅಮ್ಮನನ್ನು ಕರೆದುಕೊಂಡು ಹೋದೆ. ಬೆಳಗಿನ ರೈಲಿಗೆ ಬಂದವಳ ಚೀಲದಲ್ಲಿ ಡಾಕ್ಟರಿಗೆಂದು ಕಾಲು ಕೆಜಿ ಸಾರಿನ ಪುಡಿಯೂ ಇತ್ತು. ಡಾಕ್ಟರ್ ಮೇಡಂ ಅರ್ಧ ಗಂಟೆ ಮಾತಾಡಿದರು. ಬೋರ್ಡಿನ ಮೇಲೆ ಕತ್ತಿನ ಚಿತ್ರ ಬರೆದು, ಸೂಜಿ ಹೋಗುವ ದಾರಿಯ ಅಕ್ಕಪಕ್ಕ ಏನೇನಿದೆ ಎಂದು ತೋರಿಸಿದರು. ಮಿದುಳಿಗೆ ಹೋಗುವ ರಕ್ತನಾಳ, ಶ್ವಾಸಕೋಶದ ತುದಿ, ಧ್ವನಿಯ ನರ. ಪಳಗಿದ ಕೈಯಲ್ಲಿ, ಸ್ಕ್ಯಾನ್ ನೋಡುತ್ತಾ ಮಾಡಿದರೆ ಅಪಾಯ ಅಪರೂಪ. ಆದರೆ ಔಷಧ ರಕ್ತನಾಳಕ್ಕೆ ಹೋದರೆ ಫಿಟ್ಸ್ ಬರಬಹುದು. ಕೆಲವು ಗಂಟೆ ಧ್ವನಿ ಕಟ್ಟಬಹುದು, ನುಂಗಲು ಕಷ್ಟವಾಗಬಹುದು. ಒಂದೇ ದಿನ ಎರಡೂ ಕಡೆ ಕೊಡುವುದಿಲ್ಲ, ಎರಡೂ ಕಡೆಯ ನರ ಮರಗಟ್ಟಿದರೆ ಉಸಿರಾಟಕ್ಕೇ ತೊಂದರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫೋನಿನಲ್ಲಿ ಡಿಸ್ಕೌಂಟ್ ಹೇಳಿದವರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ನಾನು 54, 37, 22 ಎಂದು ನನ್ನ ಲೆಕ್ಕ ಒಪ್ಪಿಸಿದೆ. ಸುಮ್ಮನೆ ಕೇಳುತ್ತಿದ್ದ ಅಮ್ಮ ಕೇಳಿದಳು, ‘ಮೇಡಂ, ಇಂಜೆಕ್ಷನ್ ಕೊಡ್ದೇ ಇದ್ದೋರಿಗೆ ಏನಾಯ್ತು ಅಂತಾನೂ ನೋಡಿದಾರಾ?’

ಡಾಕ್ಟರ್ ನನ್ನ ಮುಖ ನೋಡಿ ನಕ್ಕರು. ಅಮ್ಮನಿಗೆ ನಗು ಯಾಕೆಂದು ಗೊತ್ತಾಗಲಿಲ್ಲ. ‘ಅಲ್ಲಾ, ಮೆಣಸಿನಕಾಯಿ ಅಂಗಡಿ ಬದಲಾಯಿಸಿದ್ರೆ ನಾನು ಹಳೇದನ್ನೂ ಒಂದು ಪಾಲು ಇಟ್ಕೊಂಡು ಎರಡೂ ಪುಡಿ ಮಾಡಿ ನೋಡ್ತೀನಿ. ಇಲ್ದಿದ್ರೆ ರುಚಿ ಬದಲಾಗಿದ್ದು ಮೆಣಸಿನಕಾಯಿಂದಾನೋ ಬೇರೆ ಯಾವುದ್ರಿಂದಾನೋ ಹೇಗೆ ಗೊತ್ತಾಗುತ್ತೆ?’

ಮೂರು ವರ್ಷದಿಂದ ಲ್ಯಾಬ್‌ನಲ್ಲಿ ರೀಡಿಂಗ್ ತೆಗೆಯುತ್ತಿರುವ ನನಗೆ ಹೊಳೆಯದ್ದು ಇದೇ. ಆ ಅಧ್ಯಯನದಲ್ಲಿ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಪರೋಸ್ಮಿಯಾ ತಾನಾಗಿಯೂ ಕಡಿಮೆಯಾಗುವ ತೊಂದರೆ. ದೂರದಿಂದ ಬಂದು, ಕತ್ತಿಗೆ ಸೂಜಿ ಚುಚ್ಚಿಸಿಕೊಂಡ ಮನಸ್ಸೂ ಒಂದಿಷ್ಟು ಕೆಲಸ ಮಾಡುತ್ತದೆ. ಡಾಕ್ಟರ್ ಒಂದು ಉದಾಹರಣೆ ಕೊಟ್ಟರು. ಯುದ್ಧದ ಆಘಾತದಂಥ ಅನುಭವಗಳ ನಂತರ ಕಾಡುವ ಮಾನಸಿಕ ತೊಂದರೆಗೆ ಇದೇ ಇಂಜೆಕ್ಷನ್ನನ್ನು ಅಮೆರಿಕದ ಮೂರು ಸೇನಾ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ್ದರು. ಕೆಲವರಿಗೆ ನಿಜವಾದ ಬ್ಲಾಕ್, ಉಳಿದವರಿಗೆ ನರಗಂಟಿನಿಂದ ದೂರಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಎಂಟು ವಾರಗಳ ನಂತರ ನಿಜವಾದದ್ದು ಪಡೆದವರ ತೊಂದರೆಯ ಅಂಕ ಸರಾಸರಿ 12ರಷ್ಟು ಇಳಿದಿತ್ತು. ಉಪ್ಪುನೀರು ಪಡೆದವರದ್ದೂ 6ರಷ್ಟು ಇಳಿದಿತ್ತು. ಅಂದರೆ ಆ ತೊಂದರೆಯಲ್ಲಿ ಇಂಜೆಕ್ಷನ್ ಕೆಲಸ ಮಾಡಿತು, ಹೌದು. ಆದರೆ ಕಂಡ ಸುಧಾರಣೆಯಲ್ಲಿ ಅರ್ಧದಷ್ಟು ಇಂಜೆಕ್ಷನ್ ಇಲ್ಲದೆಯೂ ಕಂಡಿತ್ತು. ಹೋಲಿಕೆಯ ಗುಂಪು ಇಲ್ಲದಿದ್ದರೆ ಪೂರ್ತಿ 12ನ್ನೂ ಇಂಜೆಕ್ಷನ್ನಿನ ಖಾತೆಗೇ ಬರೆಯುತ್ತಿದ್ದರು.

ನಾನು ಬರೆದ ಲ್ಯಾಚ್ ಚಿತ್ರವನ್ನೂ ತೋರಿಸಿದೆ. ‘ಚೆನ್ನಾಗಿದೆ. ಆದ್ರೆ ವಿವರಣೆ ಚೆನ್ನಾಗಿದೆ ಅಂತ ಚಿಕಿತ್ಸೆ ಕೆಲಸ ಮಾಡಲ್ಲಪ್ಪ’ ಅಂದರು. ಹಾಗೆಂದು ವಿಡಿಯೊದಲ್ಲಿ ಅತ್ತವರು ಸುಳ್ಳು ಅತ್ತರೆಂದು ಅವರು ಹೇಳಲಿಲ್ಲ. ‘ಆಕೆಗೆ ಕಾಫಿ ವಾಸನೆ ಬಂದಿದ್ದು ನಿಜ. ನಿಮ್ಮಮ್ಮನಿಗೂ ಬರುತ್ತಾ ಅನ್ನೋದಕ್ಕೆ ಆ ಕಣ್ಣೀರು ಉತ್ತರ ಅಲ್ಲ.’

ಮೊದಲು ಇಎನ್‌ಟಿ ವೈದ್ಯರಲ್ಲಿ ತೋರಿಸಿ, ಮೂಗಿನಲ್ಲಿ ಬೇರೆ ಏನಾದರೂ ಅಡ್ಡಿ ಇದೆಯೇ ನೋಡಿ ಅಂದರು. ಇನ್ನೊಂದು, ವಾಸನೆಯ ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹಮ್ಮೆಲ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆರಡು ಸಲ, ಮೂರು ತಿಂಗಳು, ಮನಸ್ಸಿಟ್ಟು ಮೂಸಬೇಕು. ‘ನಾಲ್ಕು ವರ್ಷ ಆಗೋಗಿದೆ, ಹೆಚ್ಚು ಆಸೆ ಇಟ್ಕೋಬೇಡಿ ಅಮ್ಮಾ. ಆದ್ರೆ ಖರ್ಚಿಲ್ಲ, ಅಪಾಯ ಇಲ್ಲ. ಆಮೇಲೂ ಇಂಜೆಕ್ಷನ್ ಬೇಕು ಅನ್ನಿಸಿದ್ರೆ ಬನ್ನಿ, ಮಾತಾಡೋಣ. ತೀರ್ಮಾನ ನಿಮ್ಮದು’ ಅಂದರು. ಸಾರಿನ ಪುಡಿಗೆ ದುಡ್ಡು ಕೊಡಲು ಹೋದರು, ಅಮ್ಮ ತೆಗೆದುಕೊಳ್ಳಲಿಲ್ಲ.

ವಾಪಸ್ ಹೋಗುವಾಗ ಪ್ಲಾಟ್‌ಫಾರ್ಮ್‌ನಲ್ಲಿ ಕೇಳಿದೆ, ‘ನಿಂಗೆ ಬೇಜಾರಾಯ್ತಾ?’

‘ಆಗ್ದೇ ಇರುತ್ತಾ? ಇವತ್ತೇ ಚುಚ್ಚಿ ಕಳಿಸ್ತಾರೆ, ಸಾಯಂಕಾಲ ಕಾಫಿ ಕುಡೀಬಹುದು ಅಂದ್ಕೊಂಡಿದ್ದೆ’ ಅಂದಳು. ತಿಪಟೂರು ದಾಟಿದ ಮೇಲೆ ಫೋನ್ ಮಾಡಿ, ‘ಮೂರು ತಿಂಗಳು ನೋಡ್ತೀನಿ. ನೀನು ಆ ದುಡ್ಡು ಮುಟ್ಬೇಡ’ ಎಂದಳು.

ಇಂಜೆಕ್ಷನ್ ವಿಷಯ ಕಾಯಬಹುದು, ಗ್ಯಾಸ್ ಕಾಯುವುದಿಲ್ಲ. ಆ ಸಮಸ್ಯೆಗೆ ಸೆಕೆಂಡ್ ಇಯರ್‌ನಲ್ಲೇ ಮಿನಿ ಪ್ರಾಜೆಕ್ಟ್ ಎಂದು ಎಂಕ್ಯೂ-6 ಸೆನ್ಸರ್, ಬಜರ್ ಸೇರಿಸಿ ಒಂದು ಅಲಾರಂ ಮಾಡಿದ್ದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಹಾಗಾಗಿ ಸಿಲಿಂಡರ್ ಪಕ್ಕ ನೆಲದ ಹತ್ತಿರ ಹಾಕಿದ್ದೇನೆ. ನನ್ನ ಸರ್ಕ್ಯೂಟ್ ಮೇಲೆ ನನಗೇ ಪೂರ್ತಿ ನಂಬಿಕೆ ಇಲ್ಲದ ಕಾರಣ ಅಂಗಡಿಯಿಂದ ತಂದ ಇನ್ನೊಂದು ಅಲಾರಂ ಕೂಡ ಇದೆ. ಮನೆಯಲ್ಲಿ ವಾಸನೆ ಗೊತ್ತಾಗದವರು ಯಾರಾದರೂ ಇದ್ದರೆ ನೀವೂ ಇದನ್ನು ಮೊದಲು ಮಾಡಿ.

ಇಂಥ ವಿಡಿಯೊಗಳು ನಮ್ಮ ಫೋನಿಗೆ ದಿನಾ ಬರುತ್ತವೆ. ಮನೆಯಲ್ಲಿ ‘ಇದೇನೋ ನೋಡು’ ಎಂದು ಫೋನ್ ಕೊಡುವುದು ಓದಿದ ಮಕ್ಕಳ ಕೈಗೇ. ಈಗ ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಎಷ್ಟು ಜನರಿಗೆ ಕೊಟ್ಟರು, ಎಷ್ಟು ಜನ ಮರಳಿ ಬಂದು ಹೇಳಿದರು, ಕೊಡದವರ ಜೊತೆ ಹೋಲಿಸಿದರೇ, ಎಷ್ಟು ದಿನ ಉಳಿಯಿತು. ಮೂರನೆಯದು ಅಮ್ಮ ಕೊಟ್ಟಿದ್ದು.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅಭ್ಯಾಸ ಶುರುವಾಗಿ ಏಳು ವಾರ. ಅಡುಗೆಮನೆಯ ಶೆಲ್ಫ್‌ನಲ್ಲಿ ನಾಲ್ಕು ಪುಟ್ಟ ಬಾಟಲಿ: ಪನ್ನೀರು, ನಿಂಬೆ ಸಿಪ್ಪೆ, ಲವಂಗ, ನೀಲಗಿರಿ ಎಣ್ಣೆ. ಪಕ್ಕದಲ್ಲಿ ನಾನು ಗೆರೆ ಹಾಕಿಕೊಟ್ಟ ನೋಟ್‌ಬುಕ್. ದಿನಾ ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯಬೇಕು. ಪುಟಗಳ ತುಂಬಾ ಸೊನ್ನೆ, ಅಲ್ಲೊಂದು ಇಲ್ಲೊಂದು ಒಂದು.

ಅಮ್ಮ ಕಣ್ಣು ಮುಚ್ಚಿ ಲವಂಗದ ಬಾಟಲಿ ಮೂಸಿದಳು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದಳು.

‘ಇವತ್ತು ಲವಂಗ ಲವಂಗದ ಥರಾನೇ ಇದೆ ಕಣೋ. ದೂರದ ಮನೇಲಿ ಯಾರೋ ಪಲಾವ್ ಮಾಡ್ತಿದಾರೆ ಅನ್ನೋ ಹಾಗೆ.’

ನಾನು ಖುಷಿಯಿಂದ ಪೆನ್ನು ಎತ್ತಿಕೊಂಡು ‘3’ ಎಂದು ಬರೆದೆ. ಅಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಒಂದೂವರೆ’ ಎಂದು ಬರೆದಳು. ಆಮೇಲೆ ಒಲೆ ಹಚ್ಚಿ, ಬಾಣಲೆಗೆ ಮೆಂತ್ಯ ಹಾಕಿ, ‘ಇಲ್ಲೇ ನಿಂತ್ಕೋ, ಹೇಳು’ ಅಂದಳು.